ವಿದ್ಯಾರ್ಥಿಗಳ ಬಿಡುವಿನ ದುಡಿಮೆ: ಕಾಯುವ ಕೆಲಸವೂ ಕಾಯದ ಕೆಲಸವೂ

ಕಲಿಯುವ ಮಕ್ಕಳು ಬಿಡುವಿನಲ್ಲಿ ನಾಲ್ಕು ಕಾಸು ಸಂಪಾದಿಸಿದರೆ ತಪ್ಪೇನು? ರಕ್ಷಕ-ಶಿಕ್ಷಕ ಸಂಘದ ಸಭೆಗಳಲ್ಲಿ ಹೆತ್ತವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯಿದು. ತಪ್ಪೇನೂ ಇಲ್ಲ. ನಮ್ಮ ಕಡೆಯಲ್ಲಿ ರಾತ್ರಿ ಚಿಮಿಣಿ ದೀಪದ ಮುಂದೆ ಅಡಿಕೆ ಸುಲಿದು, ಬೇಸಿಗೆ ರಜೆಯಲ್ಲಿ ಗೇರುಬೀಜ ಹೆಕ್ಕಿ, ಆ ಹಣದಲ್ಲಿ ಪುಸ್ತಕ ಕೊಂಡು ಓದಿದವರು ಎಷ್ಟೋ ಮಂದಿ ಇದ್ದಾರೆ. ಹಾಗೆಯೇ, ಕೂಲಿಯ ರುಚಿ ಹತ್ತಿ ಶಾಲೆಯ ಮೆಟ್ಟಿಲನ್ನು ಮರೆತವರೂ ಇದ್ದಾರೆ. ಇಬ್ಬರೂ ದುಡಿದವರೇ. ಒಬ್ಬನನ್ನು ದಡ ಸೇರಿಸಿದ ದುಡಿಮೆ ಇನ್ನೊಬ್ಬನನ್ನು ಏಕೆ ಮುಳುಗಿಸಿತು ಎಂಬುದನ್ನು ವಿಚಾರಿಸುವುದು ಅಗತ್ಯ.

ಇದಕ್ಕೆ ಉತ್ತರವನ್ನು ನಮ್ಮಂತಹುದೇ ಇನ್ನೊಂದು ಗಡಿನಾಡಿನಲ್ಲಿ ಹುಡುಕಬಹುದು.

ತುಂಗಭದ್ರೆಯ ದಡದಲ್ಲಿ

ರಾಯರ ಸೇವೆಗೆಂದು ಮಂತ್ರಾಲಯಕ್ಕೆ ಹೋಗಿಬರುವ ಕುಟುಂಬಗಳು ನಮ್ಮಲ್ಲಿ ಅನೇಕ. ಆದರೆ ಆ ಸೀಮೆಯೂ ನಮ್ಮ ಹಾಗೆ ಗಡಿಯಾಚೆ ಉಳಿದ ಕನ್ನಡದ ನೆಲ ಎಂಬುದು ಎಷ್ಟು ಮಂದಿಯ ಗಮನಕ್ಕೆ ಬಂದಿದೆಯೋ! ಹಳೆಯ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದವು. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅಲ್ಲಿಯೂ ಕನ್ನಡ ಮಾಧ್ಯಮದ ಶಾಲೆಗಳಿವೆ; ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು.

ಮಂತ್ರಾಲಯದಂತಹ ಕ್ಷೇತ್ರದಲ್ಲಿ ಚಿಕ್ಕಪುಟ್ಟ ಕೆಲಸಗಳಿಗೆ ಕೊರತೆಯಿಲ್ಲ. ಹೂವು-ಕಾಯಿ ಅಂಗಡಿ, ಹೋಟೆಲು, ವಸತಿಗೃಹ ಎಲ್ಲೆಡೆಯೂ ಕೈಗಳು ಬೇಕು. ಕರ್ನಾಟಕದಿಂದ ಬರುವ ಯಾತ್ರಿಕರು ಹೇರಳವಾದ್ದರಿಂದ ಕನ್ನಡ ತೆಲುಗು ಎರಡನ್ನೂ ಬಲ್ಲ ಹುಡುಗನಿಗೆ ಬೆಲೆಯೂ ಉಂಟು. ಆದರೆ ಪಂಚಾಂಗವನ್ನೊಮ್ಮೆ ನೋಡಿ. ರಾಯರ ವಾರ ಗುರುವಾರ. ಜನಸಂದಣಿ ಅಂದು ಹೆಚ್ಚು. ಗುರುವಾರ ಶಾಲೆಯೂ ಇರುತ್ತದೆ. ಆರಾಧನೆ ಶ್ರಾವಣ ಬಹುಳದಲ್ಲಿ, ಎಂದರೆ ಸಾಮಾನ್ಯವಾಗಿ ಆಗಸ್ಟ್ ತಿಂಗಳಲ್ಲಿ. ಶಾಲೆಯಲ್ಲಿ ಪಾಠಗಳು ಭರದಿಂದ ಸಾಗುವ ಕಾಲವದು. ಕೂಲಿ ಸಿಗುವ ದಿನವೂ ಪಾಠ ನಡೆಯುವ ದಿನವೂ ಒಂದೇ ಆದರೆ ಬಡವರ ಮನೆಯಲ್ಲಿ ಗೆಲ್ಲುವುದು ಯಾವುದೆಂದು ಬೇರೆ ಹೇಳಬೇಕಿಲ್ಲ.

ಹತ್ತಿಯ ಹೂವು ಕಾಯುವುದಿಲ್ಲ

ಆದವಾನಿ ಹತ್ತಿಯ ಪೇಟೆ. ಹತ್ತಿಯ ಕೆಲಸಗಳಲ್ಲಿ ಮಕ್ಕಳ ಓದಿಗೆ ಹೆಚ್ಚು ಮಾರಕವಾದುದು ಬಿತ್ತನೆ ಬೀಜದ ಹೊಲಗಳ 'ಕ್ರಾಸಿಂಗ್' ಕೆಲಸ. ಹೈಬ್ರಿಡ್ ಬೀಜ ತಯಾರಿಸಲು ಮರುದಿನ ಅರಳಲಿರುವ ಮೊಗ್ಗಿನ ಕೇಸರಗಳನ್ನು ಹಿಂದಿನ ದಿನವೇ ಕೈಯಿಂದ ಕಿತ್ತು, ಮರುದಿನ ಬೆಳಗ್ಗೆ ಬೇರೆ ಜಾತಿಯ ಹೂವಿನ ಪರಾಗವನ್ನು ಅದಕ್ಕೆ ಸವರಬೇಕು. ಮೊಗ್ಗು ಮೂಡುತ್ತಿರುವ ತನಕ ತಿಂಗಳುಗಟ್ಟಲೆ ಪ್ರತಿದಿನವೂ ಇದೇ ಕೆಲಸ. ಹೂವು ಒಂದು ದಿನವೂ ತಡೆಯದು. ಬೆಳಗಿನ ಹೊತ್ತು ತಪ್ಪಿದರೆ ಆ ಹೂವು ವ್ಯರ್ಥ. ಬೆಳಗಿನ ಹೊತ್ತೆಂದರೆ ಶಾಲೆಯ ಗಂಟೆ ಬಾರಿಸುವ ಹೊತ್ತು. ಕರ್ನೂಲು ಸೀಮೆಯ ಬೀಜದ ಹೊಲಗಳಲ್ಲಿ ಈ ಕೆಲಸಕ್ಕೆ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಹಚ್ಚುತ್ತಿದ್ದುದು ಅಧ್ಯಯನಗಳಿಂದ ಬಯಲಾಗಿ ದೇಶದ ಹೊರಗೂ ಚರ್ಚೆಯಾಯಿತು.

ಇನ್ನೊಂದು ಕಷ್ಟ ವಲಸೆ. ಮಳೆಯನ್ನೇ ನಂಬಿದ ಆ ಸೀಮೆಯಲ್ಲಿ ಬೆಳೆ ಕೈಕೊಟ್ಟರೆ ದೀಪಾವಳಿಯ ಆಚೀಚೆ ಮನೆಮಂದಿಯೆಲ್ಲ ಗುಂಟೂರು ಕಡೆಗೆ ಹತ್ತಿ, ಮೆಣಸಿನಕಾಯಿ ಬಿಡಿಸಲು ಹೊರಡುತ್ತಾರೆ. ಬಳ್ಳಾರಿ-ರಾಯಚೂರು ಕಡೆಯ ಕನ್ನಡದಲ್ಲಿ ಇದಕ್ಕೆ 'ಗುಳೆ' ಎನ್ನುತ್ತಾರೆ. ಹಿಂದಿರುಗುವಾಗ ಯುಗಾದಿ ಸಮೀಪಿಸಿರುತ್ತದೆ. ಪರೀಕ್ಷೆ ತಲೆಯ ಮೇಲೆ ಬಂದಿರುತ್ತದೆ. ತಂದೆತಾಯಿ ಗುಳೆ ಹೋದರೂ ಮಕ್ಕಳು ಊರಲ್ಲೇ ಉಳಿದು ಓದಲೆಂದು ಸರಕಾರ ಅಲ್ಲಿ ಋತುಮಾನದ ಹಾಸ್ಟೆಲುಗಳನ್ನು ತೆರೆದದ್ದು ಇದಕ್ಕಾಗಿಯೇ. ಕೆಲಸದ ಕಾಲವನ್ನು ಬದಲಿಸಲಾಗದೆ ಹೋದಾಗ ಮಗುವಿಗೆ ಅನ್ನ, ಆಸರೆ ಕೊಟ್ಟು ಶಾಲೆಯಲ್ಲೇ ಉಳಿಸಿಕೊಳ್ಳುವುದು ಸರಿಯಾದ ದಾರಿ.

ಅದೇ ಸೀಮೆಯ ಎಮ್ಮಿಗನೂರನ್ನು ನೋಡಿ. 1938ರಲ್ಲಿ ಮಾಚಾನಿ ಸೋಮಪ್ಪನವರು ಕಟ್ಟಿದ ನೇಕಾರರ ಸಹಕಾರ ಸಂಘದಿಂದ ಹೆಸರಾದ ಊರು. ಮಗ್ಗದ ಮನೆಯಲ್ಲಿ ಶಾಲೆಯಿಂದ ಬಂದ ಮಗು ಒಂದು ಗಂಟೆ ಕುಳಿತು ಕಂಡಿಕೆ ಸುತ್ತಬಹುದು. ನೂಲು ಬಾಡುವುದಿಲ್ಲ, ಕೊಳೆಯುವುದಿಲ್ಲ. ಮಗುವಿನ ಲೆಕ್ಕ ಮುಗಿಯುವ ತನಕ ಕಾದಿರುತ್ತದೆ. ಆ ಒಂದು ಗಂಟೆ ನಾಲ್ಕಾದರೆ ಮಾತ್ರ ಕೇಡು.

ನಮ್ಮ ಕಡೆಯ ಲೆಕ್ಕ

ಈ ಅಳತೆಗೋಲನ್ನು ನಮ್ಮ ಕೆಲಸಗಳಿಗೂ ಇಟ್ಟುನೋಡೋಣ. ಒಣಗಿದ ಅಡಿಕೆ ಕಾಯುವ ಸರಕು. ಇಂದು ಸುಲಿಯದಿದ್ದರೆ ನಾಳೆ ಸುಲಿಯಬಹುದು, ಕತ್ತಿಯ ಮೇಲೆ ಎಚ್ಚರವಿದ್ದರೆ ಸರಿ. ಗೇರುಬೀಜದ ಸುಗ್ಗಿ ಬಹುಮಟ್ಟಿಗೆ ಬೇಸಿಗೆಗೆ, ರಜೆಗೆ ಹೊಂದುತ್ತದೆ. ಆದರೆ ಪ್ಲಸ್ ಟು, ಕಾಲೇಜು ಹುಡುಗರಲ್ಲಿ ಈಗ ಬಳಕೆಯಲ್ಲಿರುವ 'ಕ್ಯಾಟರಿಂಗ್' ನೋಡಿ. ಮದುವೆಗಳ ಕಾಲದಲ್ಲಿ ಶನಿವಾರ ರಾತ್ರಿ ಹೋದವನು ಭಾನುವಾರವಿಡೀ ನಿಂತು ಬಡಿಸಿ, ಸೋಮವಾರ ತರಗತಿಯಲ್ಲಿ ತೂಕಡಿಸುತ್ತಾನೆ. ತಿಂಗಳಿಗೊಂದು ಮದುವೆಯಾದರೆ ಸರಿ. ವಾರಕ್ಕೆ ಎರಡಾದರೆ ಓದಿಗೆ ಕೊಡಲಿ. ಬೈಕಿನಲ್ಲಿ ಊಟ ತಲುಪಿಸುವ ಕೆಲಸವಂತೂ ಹದಿನೆಂಟು ತುಂಬಿ ಪರವಾನಗಿ ಪಡೆಯದವರಿಗೆ ಹೇಳಿದ್ದಲ್ಲ.

ಕಾಯುವ ಕೆಲಸಗಳಲ್ಲಿ ಶ್ರೇಷ್ಠವಾದುದು ಮನೆಪಾಠ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಜೀವನ ಸಾಗಿಸಿ, 1881ರಲ್ಲಿ ಬಿ.ಎ. ಮುಗಿಸಿದರು. ಕಲಿಸುವವನು ತಾನೂ ಎರಡನೆಯ ಬಾರಿ ಕಲಿಯುತ್ತಾನೆ. ನಮ್ಮ ಮಕ್ಕಳಿಗೆ ಇನ್ನೊಂದು ಬಂಡವಾಳವೂ ಇದೆ: ಕನ್ನಡ, ಮಲಯಾಳ ಎರಡೂ ಬರುತ್ತವೆ, ಹಲವರಿಗೆ ತುಳುವೂ ಬರುತ್ತದೆ. ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬೆರಳಚ್ಚು ಕಲಿತ ಕಾಲೇಜು ವಿದ್ಯಾರ್ಥಿಗೆ ಆಮಂತ್ರಣ ಪತ್ರಿಕೆ, ಅರ್ಜಿ, ಅನುವಾದಗಳ ಕೆಲಸ ಮನೆಯಲ್ಲೇ ಕುಳಿತು ಮಾಡಲು ಸಾಧ್ಯ. ಹೊರೆಯೆಂದು ಭಾವಿಸಿದ ಎರಡು ಭಾಷೆ ಇಲ್ಲಿ ಎರಡು ಕೈಗಳಾಗುತ್ತವೆ.

ದುಡಿಮೆಯನ್ನು ಬಿಡಲಾಗದವರಿಗಾಗಿ ಶಾಲೆಯೇ ಹೊತ್ತು ಬದಲಿಸಿದ ಉದಾಹರಣೆಯೂ ನಮ್ಮವರದೇ. ದಕ್ಷಿಣ ಕನ್ನಡದಿಂದ ಮುಂಬಯಿಗೆ ಹೋಗಿ ಹಗಲಲ್ಲಿ ಹೋಟೆಲುಗಳಲ್ಲಿ ದುಡಿದ ಹುಡುಗರಿಗಾಗಿ ಅಲ್ಲಿನ ಕನ್ನಡಿಗರು ರಾತ್ರಿಶಾಲೆಗಳನ್ನು ನಡೆಸಿದರು. ಲೋಟ ತೊಳೆದ ಕೈಯಲ್ಲೇ ಮೆಟ್ರಿಕ್ ಪರೀಕ್ಷೆ ಬರೆದು ಮೇಲೆ ಬಂದವರು ಆ ತಲೆಮಾರಿನಲ್ಲಿ ಅನೇಕರು.

ಹೆತ್ತವರು ಗಮನಿಸಬೇಕಾದುದು

ಮೊದಲನೆಯದು, ವಯಸ್ಸು. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಂದ ತಿದ್ದುಪಡಿಯಂತೆ ಹದಿನಾಲ್ಕು ತುಂಬದ ಮಕ್ಕಳನ್ನು ಕೂಲಿಗೆ ಇಡುವಂತಿಲ್ಲ. ಶಾಲೆಯ ಹೊತ್ತು ಕಳೆದ ಮೇಲೆ ಅಥವಾ ರಜೆಯಲ್ಲಿ ಅಪಾಯವಿಲ್ಲದ ಮನೆತನದ ಕಸುಬಿನಲ್ಲಿ ನೆರವಾಗಬಹುದು. ಹದಿನಾಲ್ಕರಿಂದ ಹದಿನೆಂಟರವರನ್ನು ಅಪಾಯದ ಕೆಲಸಗಳಿಗೆ ಹಚ್ಚುವಂತಿಲ್ಲ.

ಎರಡನೆಯದು, ಹೊತ್ತು. ಕೆಲಸಕ್ಕಾಗಿ ಒಂದು ದಿನದ ಹಾಜರಿ ತಪ್ಪಿದರೂ ಆ ಕೆಲಸ ಸಲ್ಲದೆಂದು ತಿಳಿಯಿರಿ. ನಿದ್ದೆಯನ್ನೂ ಹಾಜರಿಯ ಲೆಕ್ಕಕ್ಕೇ ಸೇರಿಸಿ.

ಮೂರನೆಯದು, ಹಣ. ಮಗು ಗಳಿಸಿದ್ದು ಮಗುವಿನ ಹೆಸರಲ್ಲಿ ಇರಲಿ. ಹತ್ತು ವರ್ಷ ದಾಟಿದವರು ತಾವೇ ಉಳಿತಾಯ ಖಾತೆ ನಡೆಸಲು ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ ಅವಕಾಶವಿದೆ. ತನ್ನ ದುಡ್ಡಿನಲ್ಲಿ ಪರೀಕ್ಷೆಯ ಶುಲ್ಕ ಕಟ್ಟಿದ ಹುಡುಗಿಗೆ ಓದಿನ ಬೆಲೆಯನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ಹಣ ಮನೆಯ ಸಾಲಕ್ಕೆ ಹೋಗತೊಡಗಿತೆಂದರೆ ಮಗುವಿನ ಕೂಲಿ ಮನೆಯ ಆಧಾರವಾಗಿಬಿಡುತ್ತದೆ. ಆಮೇಲೆ ಬಿಡಿಸುವುದು ಕಷ್ಟ.

ಗಡಿನಾಡಿನ ಕನ್ನಡಿಗರಿಗೆ ಇದು ಬರಿಯ ಮನೆವಾರ್ತೆಯಲ್ಲ. ಆರನೆಯ ಕೆಲಸದ ದಿನದ ತಲೆ ಎಣಿಕೆಯಿಂದ ನಮ್ಮ ಶಾಲೆಗಳ ಡಿವಿಷನ್ನುಗಳೂ ಅಧ್ಯಾಪಕರ ಹುದ್ದೆಗಳೂ ನಿರ್ಧಾರವಾಗುತ್ತವೆ. ಮೊದಲೇ ಮಕ್ಕಳು ಕಡಿಮೆಯಿರುವ ಕನ್ನಡ ತರಗತಿಯಿಂದ ಇಬ್ಬರು ಕೂಲಿಗೆ ಹೋದರೆ ಉಳಿದವರ ಪಾಠಕ್ಕೂ ಸಂಚಕಾರ ಬರಬಹುದು. ಆದ್ದರಿಂದ ಈ ರಜೆಯಲ್ಲಿ ಮಗ ಅಥವಾ ಮಗಳು 'ಕೆಲಸಕ್ಕೆ ಹೋಗಲೇ?' ಎಂದು ಕೇಳಿದಾಗ ಕೂಲಿ ಎಷ್ಟೆಂದು ವಿಚಾರಿಸುವ ಮೊದಲು, ಶಾಲೆ ತೆರೆಯುವ ದಿನ ಆ ಕೆಲಸ ಬಿಟ್ಟುಕೊಡುತ್ತದೆಯೇ ಎಂದು ವಿಚಾರಿಸಿ. ಬಿಟ್ಟುಕೊಡುವ ಕೆಲಸವಾದರೆ ಧಾರಾಳವಾಗಿ ಕಳುಹಿಸಿ.