ಆಸ್ಪತ್ರೆಯಲ್ಲಿ ರಾತ್ರಿ ಬಾತ್‌ರೂಮಿಗೆ ಎದ್ದು ಬೀಳುವ ರೋಗಿಗಳು: ಜೊತೆಗಿರುವವರಿಗೆ ಗೊತ್ತಿರಬೇಕಾದ ವಿಷಯ

ಜ್ವರ ಅಂತ ಅಡ್ಮಿಟ್ ಆದ ಅಜ್ಜಿ ವಾರ್ಡಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ, ಎರಡು ದಿನದ ಆಸ್ಪತ್ರೆ ವಾಸ ತಿಂಗಳುಗಟ್ಟಲೆ ಆಗುತ್ತದೆ. ಇದು ಅಪರೂಪವೇನಲ್ಲ. ಆಸ್ಪತ್ರೆಯೊಳಗೆ ರೋಗಿಗಳಿಗೆ ಆಗುವ ಅವಘಡಗಳಲ್ಲಿ ಬೀಳುವುದೇ ಹೆಚ್ಚು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ ಲೆಕ್ಕದಂತೆ 100 ಹಾಸಿಗೆಯ ಆಸ್ಪತ್ರೆ ಭರ್ತಿ ಇದ್ದರೆ 10 ದಿನಕ್ಕೆ 3ರಿಂದ 5 ಸಲ ರೋಗಿಗಳು ಬೀಳುತ್ತಾರೆ. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಗಾಯವೂ ಆಗುತ್ತದೆ.

ತುಂಬಾ ಹೊತ್ತು ಮಲಗಿದ್ದವರು ದಿಢೀರ್ ಎದ್ದು ನಿಂತರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಬಿಪಿ ಮಾತ್ರೆ, ನಿದ್ದೆ ಮಾತ್ರೆ ತಗೊಂಡವರಿಗೆ ಇದು ಇನ್ನೂ ಜಾಸ್ತಿ. ಮೂತ್ರ ಹೆಚ್ಚು ಹೋಗುವ ಮಾತ್ರೆ ಕೊಟ್ಟಿದ್ದರೆ ರಾತ್ರಿ ಪದೇ ಪದೇ ಏಳಲೇಬೇಕು. ಅದಕ್ಕೇ ಎಬ್ಬಿಸಿ ಕೂರಿಸಿ, ಕಾಲು ಕೆಳಗೆ ಬಿಟ್ಟು ಒಂದೆರಡು ನಿಮಿಷ ಕಳೆದ ಮೇಲೆ ನಿಲ್ಲಿಸಬೇಕು.

ಆದರೆ ನಿಜವಾದ ತೊಂದರೆ ಸಂಕೋಚದ್ದು. "ಮಗಳು ಈಗಷ್ಟೇ ಮಲಗಿದಾಳೆ, ಪಾಪ, ಯಾಕೆ ಎಬ್ಬಿಸೋದು" ಅಂತ ಹಿರಿಯರು ಗ್ಲೂಕೋಸ್ ಸ್ಟ್ಯಾಂಡ್ ಹಿಡ್ಕೊಂಡು ಒಬ್ಬರೇ ಹೊರಡುತ್ತಾರೆ. ಗಂಡಸರು ಸಿಸ್ಟರ್ ಹತ್ತಿರ ಕೇಳೋಕೆ ನಾಚುತ್ತಾರೆ. ಅವರು ಕೇಳುವ ತನಕ ಕಾಯಬೇಡಿ. ಮಲಗುವ ಮೊದಲು ಒಮ್ಮೆ, ನಡುರಾತ್ರಿ ಒಮ್ಮೆ ನೀವೇ ಕರೆದುಕೊಂಡು ಹೋಗಿ. ಸವೆದ ಹವಾಯಿ ಚಪ್ಪಲಿ ಬೇಡ. ಪಂಚೆ, ನೈಟಿ ಕಾಲಿಗೆ ಸಿಕ್ಕದಂತೆ ನೋಡಿಕೊಳ್ಳಿ.

ಮಂಚದ ಪಕ್ಕದ ಕಂಬಿ ಎತ್ತಿಟ್ಟರೆ ಸಾಕು ಅಂದುಕೊಳ್ಳುವವರೂ ಇದ್ದಾರೆ. ಗಲಿಬಿಲಿಯಲ್ಲಿರುವ ರೋಗಿ ಅದನ್ನೇ ಹತ್ತಿ ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳಬಹುದು.

ಹಾಗಂತ ಎಲ್ಲವನ್ನೂ ಮನೆಯವರ ತಲೆಗೆ ಕಟ್ಟಿ ಆಸ್ಪತ್ರೆ ಸುಮ್ಮನಿರುವಂತಿಲ್ಲ. ಒದ್ದೆ ನೆಲ, ಉರಿಯದ ಬಲ್ಬು, ಹಿಡಿಯಲು ಕಂಬಿಯಿಲ್ಲದ ಶೌಚಾಲಯ, ಬ್ರೇಕ್ ಹಿಡಿಯದ ಮಂಚ ಕಂಡರೆ ಸಿಸ್ಟರ್‌ಗೆ ಹೇಳಿ, ಸರಿ ಮಾಡಿಸಿ. ರೋಗಿ ಹಿಂದೆ ಮನೆಯಲ್ಲಿ ಬಿದ್ದಿದ್ದರೆ ಅಡ್ಮಿಟ್ ಮಾಡುವಾಗಲೇ ತಿಳಿಸಿ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಾಧ್ಯತೆ ಹೆಚ್ಚು.

ಬಿದ್ದೇಬಿಟ್ಟರೆ ಗಾಬರಿಯಲ್ಲಿ ಎಳೆದು ಎತ್ತಬೇಡಿ, ಮೂಳೆ ಮುರಿದಿದ್ದರೆ ಜಾಸ್ತಿಯಾಗುತ್ತದೆ. ಅಲ್ಲೇ ಇರಿಸಿ ಸಿಸ್ಟರ್‌ನ ಕೂಗಿ. ತಲೆಗೆ ಪೆಟ್ಟು ಬಿದ್ದಿದ್ದು, ರೋಗಿ ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ತಕ್ಷಣ ಹೇಳಿ. ಆಗ ಚೆನ್ನಾಗೇ ಮಾತಾಡುತ್ತಿದ್ದರೂ ತಲೆಯೊಳಗಿನ ರಕ್ತಸ್ರಾವ ಗೊತ್ತಾಗುವುದು ಗಂಟೆಗಟ್ಟಲೆ ತಡವಾಗಬಹುದು.