ಗಂಧಕ ಹಾಕದ ಅಣ್ಣ

ವಿಜಯಪುರ ಜಿಲ್ಲೆಯ ತಿಕೋಟಾ ದಾಟಿದರೆ ಮಾರ್ಚಿನಲ್ಲಿ ಹೊಲಹೊಲದಲ್ಲೂ ಒಣದ್ರಾಕ್ಷಿ ಶೆಡ್ಡು. ಅಲ್ಲಿ ಬದುವಿನ ಆಚೀಚೆ ನಿಂತ ಅಣ್ಣತಮ್ಮಂದಿರ ಎರಡು ಶೆಡ್ಡುಗಳು ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಒಂದೇ ತಳಿಯ ಹಣ್ಣು, ಒಂದೇ ಬೋರಿನ ನೀರು. ತಮ್ಮನ ಜಾಳಿಗೆಯಲ್ಲಿ ಹಳದಿ ಕಾಳು, ಅಣ್ಣನದರಲ್ಲಿ ಕಂದು.

ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಗೊನೆ ಅದ್ದಿದರೆ ಸಿಪ್ಪೆಯ ಮೇಣ ಸಡಿಲಾಗಿ ತೇವ ಬೇಗ ಬಿಡುತ್ತದೆ. ಒಣಗಲು 15-20 ದಿನ. ನಾಲ್ಕು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ ಮಣೂಕ, ಅಂದರೆ ಒಣದ್ರಾಕ್ಷಿ. ನಡುವೆ ಮಳೆ ಬಿತ್ತೋ, ಕಾಳಿಗೆ ಬೂಸು.

ಬಣ್ಣದ ವಿಷಯಕ್ಕೆ ಬರುತ್ತೇನೆ, ನನಗದರ ಹುಚ್ಚು ಹಿಡಿದಿದೆ. ಕೊಯ್ದ ದ್ರಾಕ್ಷಿ ಗಾಳಿ ತಾಗಿ ಒಣಗುತ್ತ ಕಂದಾಗುವುದು ಸಹಜ. ಅದನ್ನು ತಡೆಯಲು ಶೆಡ್ಡಿನ ಪರದೆ ಇಳಿಬಿಟ್ಟು ಗಂಧಕ ಸುಡುತ್ತಾರೆ. ಆ ಹೊಗೆಯೇ ಹಳದಿಯ ಗುಟ್ಟು. ಅಸ್ತಮಾ ಇರುವ ಕೆಲವರಿಗೆ ಅದರ ಶೇಷ ಒಗ್ಗುವುದಿಲ್ಲ. ಪೇಟೆ ಮಾತ್ರ ಹಳದಿಗೇ ಮರುಳು. ರುಚಿ ನೋಡದೆ ಮೈಬಣ್ಣ ನೋಡಿ ಬೆಲೆ ಕಟ್ಟುವುದು ನನಗಂತೂ ಶುದ್ಧ ಮೂರ್ಖತನವಾಗಿ ಕಾಣುತ್ತದೆ.

"ಹುಡುಗ್ರು ತಿನ್ನೂ ಮಾಲ್ರಿ ಸರ, ಹೊಗಿ ಹಾಕಾಕ ಮನಸ ಬರೂದಿಲ್ಲ" ಎಂದರು ಅಣ್ಣ. ಒಣಗಿದ ಕೂಡಲೇ ಮಾರಿಬಿಡುತ್ತಾರೆ. "ಸಾಲ ಇಟ್ಕೊಂಡು ರೇಟಿಗೆ ಕಾಯೂದು ನನ್ನ ಕಡಿಂದ ಆಗೂದಿಲ್ರಿ."

ತಮ್ಮ ಮಾಲನ್ನು ಕೋಲ್ಡ್ ಸ್ಟೋರೇಜಿಗೆ ಹಾಕಿ ಕಾಯುವವರು. "ಈಗ ಕೊಟ್ರ ಸಾಲ ತೀರತೈತ್ರಿ. ಮಗಳ ಕಾಲೇಜಿಗೆ ಏನ್ ಉಳೀತೈತಿ?" ರೇಟು ಏರುತ್ತದೋ ಬೀಳುತ್ತದೋ ಇಬ್ಬರಿಗೂ ಗೊತ್ತಿಲ್ಲ. ಅಣ್ಣನಿಗೆ ಋಣಭಾರವೇ ದೊಡ್ಡದು, ತಮ್ಮನಿಗೆ ಮಗಳ ಓದು. ತೀರ್ಮಾನ ಆಗಿದ್ದು ಅಲ್ಲೇ.

ಲೆಕ್ಕಕ್ಕೆ ಸಿಗುವ ಅಪಾಯ ಬೇರೆ, ಸಿಗದ ಅನಿಶ್ಚಿತತೆ ಬೇರೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲೇ ವಾದಿಸಿದ್ದ. ಈ ಸೀಮೆಯವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಮಳೆಯನ್ನೇ ನಂಬಿ ಕೂರದೆ ಆದಿಲ್‌ಶಾಹಿಗಳು ವಿಜಯಪುರದಲ್ಲಿ 1620ರಲ್ಲಿ ತಾಜ್ ಬಾವಡಿ, 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿದರು. ಈಗ ತುಬಚಿ-ಬಬಲೇಶ್ವರ ಏತ ನೀರಾವರಿ ಕೃಷ್ಣೆಯ ನೀರೆತ್ತುತ್ತಿದೆ. ನೀರಿನ ಚಿಂತೆ ಅಷ್ಟಿಷ್ಟು ಇಳಿದೀತು. ಮೋಡದ್ದು, ರೇಟಿನದ್ದು ಇದ್ದೇ ಇದೆ.

ತಮ್ಮನದು ದುರಾಸೆ ಎನ್ನಲಾರೆ, ಅಣ್ಣನದು ಪುಕ್ಕಲುತನ ಎಂದೂ ಎನ್ನಲಾರೆ. ಆದರೆ ಹೊಗೆ ಹಾಕದ್ದಕ್ಕೆ ಅಣ್ಣನ ಕೈಗೆ ಕಡಿಮೆ ದುಡ್ಡು ಬರುತ್ತಿರುವುದು ಪಾಯಸಕ್ಕೆ ಹಳದಿ ಕಾಳನ್ನೇ ಆರಿಸುವ ನಮ್ಮಿಂದ. ಅಂಗಡಿಯಲ್ಲಿ ಇನ್ನು ಕಂದು ಮಣೂಕ ಕೇಳಿ. ರೇಟು ಮಾತ್ರ ಹಳದಿಯದ್ದೇ ಕೊಡಿ.