ಪಡಸಾಲೆಯೂ ನಾಡಹಾಡೂ

ರಾಯಚೂರಿನಿಂದ ಉತ್ತರಕ್ಕೆ ಹೈದರಾಬಾದದ ದಾರಿ ಹಿಡಿದು ಹೊರಟವರಿಗೆ, ಕೃಷ್ಣೆಯ ದಂಡೆಯನ್ನು ಮುಟ್ಟುವ ಮೊದಲು ದೇವಸುಗೂರು ಸಿಕ್ಕುವದು. ಅಲ್ಲಿ ಸೂಗೂರೇಶ್ವರನೆಂಬ ಹೆಸರಿನಿಂದ ಪೂಜೆಗೊಳ್ಳುವ ವೀರಭದ್ರನ ಗುಡಿಯುಂಟು. ಬಳಿಯಲ್ಲಿಯೇ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು ಆಕಾಶಕ್ಕೆ ಮುಖಮಾಡಿ ನಿಂತಿವೆ. 1985ರಲ್ಲಿ ಮೊದಲ ಘಟಕ ಆರಂಭವಾದ ಈ ಸ್ಥಾವರದ ಸಾಮರ್ಥ್ಯವು ಎಂಟು ಘಟಕಗಳು ಕೂಡಿ 1,720 ಮೆಗಾವಾಟ್. ಇಷ್ಟು ವಿದ್ಯುತ್ತಿನ ಮಗ್ಗುಲಲ್ಲಿಯೇ, ವಿದ್ಯುತ್ತಿನ ಹಂಗಿಲ್ಲದ ಒಂದು ಸಂಗೀತವನ್ನು ಕೇಳುವ ಯೋಗವು ಇತ್ತೀಚೆಗೆ ನಮಗೆ ಒದಗಿತು. ಅದರ ವಿಷಯವಾಗಿ ವಾಚಕರೊಡನೆ ನಾಲ್ಕು ಮಾತನಾಡಬೇಕೆಂದು ಮನಸ್ಸಾಗಿದೆ.

ಅದು ಗೃಹಸ್ಥರೊಬ್ಬರ ಸಾಮಾನ್ಯವಾದ ಮಾಳಿಗೆಯ ಮನೆ. ಪಡಸಾಲೆಯಲ್ಲಿ ಜಮಖಾನೆ ಹಾಸಿ ಮೂವತ್ತು ನಾಲ್ವತ್ತು ಜನ ಕುಳಿತಿದ್ದರು. ಹಾಡಲು ಕರೆಸಿದ್ದವರು ಮೂವರು: ಏಕತಾರಿ ಹಿಡಿದ ವೃದ್ಧರೊಬ್ಬರು, ದಮ್ಮಡಿಯವರೊಬ್ಬರು, ತಾಳದವರೊಬ್ಬರು. ಆದರೆ ಅವರು ಬಂದವರು ಒಳಗೆ ಬರಲಿಲ್ಲ. ಕೆರವುಗಳನ್ನು ದೂರದಲ್ಲಿ ಬಿಟ್ಟು, ಹೊರಗಿನ ಕಟ್ಟೆಯ ಅಂಚಿನಲ್ಲಿ ಕುಳಿತು ಏಕತಾರಿಯ ಶ್ರುತಿ ಮಾಡಿಕೊಳ್ಳತೊಡಗಿದರು. ಆ ಮನೆಯ ಹಿರಿಯಾಕೆ ಬಾಗಿಲಿಗೆ ಬಂದು, “ಒಳಗ ಬರ್ರಿ ತಾತ, ಹೊರಗ ಕುಂತು ಹಾಡಾಕ ನೀವೇನು ಬ್ಯಾರೇದವ್ರಾ?” ಎಂದಳು. ಮುದುಕರು ಒಂದು ಕ್ಷಣ ಹೊಸ್ತಿಲನ್ನು ನೋಡಿದರು. ಬಳಿಕ ಎದ್ದು ಒಳಗೆ ಬಂದರು. ಅವರ ಹಾಡುಗಳು ಬಹಳ ಚೆನ್ನಾಗಿದ್ದವು. ಆದರೆ ಹೊಸ್ತಿಲನ್ನು ನೋಡಿದ ಆ ನೋಟವೇ ನಮ್ಮ ನೆನಪಿನಲ್ಲಿ ಉಳಿದಿದೆ.

ಮನೆಯಲ್ಲಿ ಸಂಗೀತದ ಬೈಠಕ ಏರ್ಪಡಿಸುವದು ಉಳ್ಳವರ ವಿನೋದವೆಂದು ಕೆಲವರು ತಿಳಿದಿರುವರು. ನಮ್ಮ ಮತದಲ್ಲಿ ಅದು ಹಾಗಲ್ಲ. ಯಾವ ಹಾಡನ್ನು ನಾವು ನಾಡಿನ ಸಂಪತ್ತೆಂದು ಸಭೆಗಳಲ್ಲಿ ಹೊಗಳುವೆವೋ, ಆ ಹಾಡನ್ನು ಹೊತ್ತು ತಂದವನಿಗೆ ನಮ್ಮ ಹೊಸ್ತಿಲೊಳಗೆ ಸ್ಥಳವುಂಟೋ ಇಲ್ಲವೋ ಎಂಬ ಪ್ರಶ್ನೆ ಅದರಲ್ಲಿ ಅಡಗಿದೆ.

ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. ಮಾನವಿ ತಾಲೂಕಿನ ಚೀಕಲಪರ್ವಿಯ ವಿಜಯದಾಸರು, ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನವಿಯಲ್ಲಿ ನೆಲೆನಿಂತ ಜಗನ್ನಾಥದಾಸರು, ಈ ಮೂವರೂ ಹದಿನೆಂಟನೆಯ ಶತಮಾನದಲ್ಲಿ ಇದೇ ನೆಲದಲ್ಲಿ ಹಾಡಿದವರು. ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರೆಂಬ ಹೆಸರಿನ ಸಂಸ್ಕೃತ ಪಂಡಿತರಾಗಿದ್ದರು. ವಿಜಯದಾಸರು ಮಾನವಿಗೆ ಬಂದು ಹಾಡಿಗೂ ಊಟಕ್ಕೂ ಆಮಂತ್ರಿಸಿದಾಗ, ಕನ್ನಡದ ಪದಗಳನ್ನು ತಾಳ ತಂಬೂರಿಯೊಡನೆ ಹಾಡುವವರಲ್ಲಿ ತಮಗೇನು ಕೆಲಸವೆಂದು ಬಗೆದು, ಹೊಟ್ಟೆನೋವಿನ ನೆವ ಹೇಳಿ ಅವರು ಹೋಗಲಿಲ್ಲವೆಂದು ಐತಿಹ್ಯವಿದೆ. ನೆವವೇ ನಿಜವಾದ ಬೇನೆಯಾಗಿ ಕಾಡಿತೆಂದೂ, ಕಡೆಗೆ ಗೋಪಾಲದಾಸರ ಅನುಗ್ರಹದಿಂದ ಅದು ನೀಗಿತೆಂದೂ ಭಕ್ತರು ಹೇಳುವರು. ಐತಿಹ್ಯವನ್ನು ನಂಬುವದೂ ಬಿಡುವದೂ ಓದುಗರ ಇಚ್ಛೆ. ಆದರೆ ಕನ್ನಡದ ಹಾಡಿಗೆ ಬೆನ್ನು ತಿರುಗಿಸಿದರೆಂದು ಕಥೆ ಹೇಳುವ ಆ ಪಂಡಿತರೇ ಮುಂದೆ ಭಾಮಿನೀ ಷಟ್ಪದಿಯಲ್ಲಿ ಹರಿಕಥಾಮೃತಸಾರವನ್ನು ಬರೆದದ್ದು ಐತಿಹ್ಯವಲ್ಲ, ನಮ್ಮ ಸಾಹಿತ್ಯದ ಚರಿತ್ರೆ. ಕಲಿತವರ ಈ ಹೊಟ್ಟೆನೋವು ಇನ್ನೂ ಪೂರ್ತಿಯಾಗಿ ವಾಸಿಯಾಗಿಲ್ಲವೆಂದೇ ನಾವು ಈ ಕಥೆಯನ್ನು ನೆನೆದೆವು.

ಹಾಡುವವರನ್ನು ಮನೆಗೆ ಕರೆಯುವ ಪದ್ಧತಿ ನಮ್ಮಲ್ಲಿ ಎಂದೂ ಇದ್ದದ್ದೇ. ಮದುವೆಯ ಮನೆಗೆ ಗೊಂದಲಿಗರು ಬಂದು ರಾತ್ರಿಯೆಲ್ಲ ಅಂಬಾಭವಾನಿಯ ಗೊಂದಲ ಹಾಕುವರು. ವೀರಭದ್ರನ ಒಕ್ಕಲಿನವರ ಮನೆಯ ಗುಗ್ಗಳಕ್ಕೆ ಪುರವಂತರು ಬಂದು ಒಡಪು ಹೇಳುವರು. ಎಲ್ಲಮ್ಮನ ಹೆಸರಿನಲ್ಲಿ ಚೌಡಿಕೆಯ ಪದಗಳುಂಟು. ಮೊಹರಮ್ಮಿನ ದಿನಗಳಲ್ಲಿ ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಕನ್ನಡದಲ್ಲಿ ಪದ ಹಾಡುವ ಊರುಗಳು ಈ ಜಿಲ್ಲೆಯಲ್ಲಿ ಹಲವಾರು. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಮುಂದೆ ನಡೆಸಿದ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬರೂ ಒಬ್ಬರು. ಈ ಪರಂಪರೆಗೆ ದೊಡ್ಡ ರಂಗಮಂಟಪಗಳಿರಲಿಲ್ಲ. ಇದ್ದದ್ದು ಅಂಗಳ, ಕಟ್ಟೆ, ಗುಡಿ, ಮಠ ಮತ್ತು ಪಡಸಾಲೆ.

ನಿಜಾಮರ ಆಳಿಕೆಯಲ್ಲಿ ಈ ಪಡಸಾಲೆಯ ಬೆಲೆ ಇನ್ನೂ ಹೆಚ್ಚಿತ್ತು. ಕಚೇರಿಯ ಭಾಷೆ ಉರ್ದುವಾಗಿತ್ತು. ಸಾರ್ವಜನಿಕ ಸಭೆ ಕೂಡಬೇಕಾದರೆ ಮುಂಗಡವಾಗಿ ಅಪ್ಪಣೆ ಪಡೆಯಬೇಕೆಂದು ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆ ವಿಧಿಸಿತ್ತು. 1948ರ ಸೆಪ್ಟೆಂಬರ 17ರಂದು ಹೈದರಾಬಾದ ಸಂಸ್ಥಾನಕ್ಕೆ ವಿಮೋಚನೆಯಾಗುವ ವರೆಗೂ ಕಚೇರಿಯಲ್ಲಿ ಆಸನವಿಲ್ಲದ ಕನ್ನಡಕ್ಕೆ, ಭಜನೆಯ ಮನೆಯಲ್ಲಿ ಆಸನವಿತ್ತು. 1956ರ ಏಕೀಕರಣದಿಂದ ನಮಗೆ ಕಚೇರಿಯೂ ಶಾಲೆಯೂ ದೊರೆತವು. ಆದರೆ ಕಷ್ಟಕಾಲದಲ್ಲಿ ಕನ್ನಡವನ್ನು ಕಾಯ್ದ ಪಡಸಾಲೆಯನ್ನು ಸುಖಕಾಲದಲ್ಲಿ ನಾವು ದೂರದರ್ಶನದ ಪೆಟ್ಟಿಗೆಗೆ ಒಪ್ಪಿಸಿಬಿಟ್ಟೆವು.

ಇದು ಜನಪದದ ಹಾಡಿಗೆ ಮಾತ್ರ ಅನ್ವಯಿಸುವ ಮಾತಲ್ಲ. ರಾಗದಾರಿ ಸಂಗೀತವೂ ಮನೆಗಳ ಆಶ್ರಯದಲ್ಲಿಯೇ ಬೆಳೆದದ್ದು. ಧಾರವಾಡ ಜಿಲ್ಲೆಯ ಕುಂದಗೋಳದಲ್ಲಿ ನಾಡಿಗೇರರ ವಾಡೆಯುಂಟು. ಅಬ್ದುಲ್ ಕರೀಮ ಖಾನರು ಅಲ್ಲಿ ಹಾಡಿದರು. ಅವರ ಶಿಷ್ಯರಾದ ಸವಾಯಿ ಗಂಧರ್ವರಿಗೆ ಆ ಮನೆಯೇ ಆಸರೆಯಾಯಿತು. 1952ರಲ್ಲಿ ಅವರು ತೀರಿಕೊಂಡ ಬಳಿಕ ಅವರ ಪುಣ್ಯಸ್ಮರಣೆಯ ಅಹೋರಾತ್ರಿ ಸಂಗೀತವು ಹಲವು ದಶಕಗಳ ಕಾಲ ಅದೇ ವಾಡೆಯಲ್ಲಿ ನಡೆಯಿತು. ಭೀಮಸೇನ ಜೋಶಿಯವರೂ ಗಂಗೂಬಾಯಿ ಹಾನಗಲ್ಲರೂ ಅಲ್ಲಿ ಹಾಡಿದವರು. ಗಂಗೂಬಾಯಿಯವರ ತಾಯಿ ಅಂಬಾಬಾಯಿಯವರ ಹಾಡನ್ನು ಕೇಳಲು ಖಾನಸಾಹೇಬರೇ ಧಾರವಾಡದ ಅವರ ಮನೆಗೆ ಬರುತ್ತಿದ್ದರಂತೆ. ದೂರದ ವಿಯೆನ್ನಾ ಪಟ್ಟಣದಲ್ಲಿಯೂ ಇದೇ ಕಥೆ. 1828ರಲ್ಲಿ ಮೂವತ್ತೊಂದನೆಯ ವಯಸ್ಸಿಗೇ ತೀರಿಕೊಂಡ ಶೂಬರ್ಟನ ಹಾಡುಗಳು ಮೊದಲು ಗೆಳೆಯರ ಮನೆಗಳಲ್ಲಿ ಬಾಳಿದವು. ಆ ಕೂಟಗಳಿಗೆ ಅವನ ಹೆಸರನ್ನೇ ಇಟ್ಟಿದ್ದರು.

ಈಗ ಮಂದಿರಗಳೇ ಇರುವಾಗ ಮನೆಯೇಕೆ ಎಂದು ಕೇಳುವವರಿರಬಹುದು. ಮಾನವಿ ಸೀಮೆಯ ಜಂಬಲದಿನ್ನಿಯಿಂದ ಬಂದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರವು ರಾಯಚೂರಿನಲ್ಲಿರುವದು ನಮಗೆ ಹೆಮ್ಮೆಯ ವಿಷಯ. ಅಂಥವು ಇನ್ನೂ ಆಗಲಿ. ಆದರೆ ಒಂದು ಸಾಲಿನ ಕೊನೆಗೆ ಮುದುಕರು ದನಿಯನ್ನು ಇಳಿಸಿ, ಉಸಿರಿನಲ್ಲಿಯೇ ಅರ್ಥವನ್ನು ಹೇಳುವಂಥ ಹಾಡು ಧ್ವನಿವರ್ಧಕದ ಪಾಲಿಗೆ ಬಿದ್ದರೆ, ಉಳಿಯುವದು ಗದ್ದಲ ಮಾತ್ರ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿಯ ಭಾಗದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಮಿತಿ ಹಾಕಿ, ರಾತ್ರಿ 10ರಿಂದ ಬೆಳಗಿನ 6ರ ವರೆಗೆ ತೆರೆದ ಸ್ಥಳದಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿವೆ. ಏಕತಾರಿಗೆ ಈ ನಿಯಮಗಳ ಭಯವಿಲ್ಲ. ಕದವಿಕ್ಕಿದ ಪಡಸಾಲೆಯ ಹಾಡು ನೆರೆಯವರ ನಿದ್ದೆಯನ್ನು ಕೆಡಿಸದು.

ಪರರಿಗೆ ಬುದ್ಧಿ ಹೇಳುವ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವದು ಯುಕ್ತ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ವಾಸ್ತುಶಾಂತಿಗೆ ನಾವೂ ಪದ ಹಾಡುವವರನ್ನು ಕರೆಸಿದ್ದೆವು. ಚಪ್ಪರದ ಮೂಲೆಯಲ್ಲಿ ಕೂರಿಸಿದೆವು; ಧ್ವನಿವರ್ಧಕ ಇಟ್ಟೆವು; ಬಂದ ದೊಡ್ಡ ಮನುಷ್ಯರ ಭಾಷಣಕ್ಕಾಗಿ ಹಾಡನ್ನು ಎರಡು ಸಲ ನಿಲ್ಲಿಸಿದೆವು; ಕಡೆಗೆ ಶಾಲು ಹೊದಿಸಿ ಚಿತ್ರ ತೆಗೆಸಿಕೊಂಡೆವು. ಜನ ಚದುರಿದ ಮೇಲೆ ಅವರಲ್ಲಿ ಹಿರಿಯರು ಹತ್ತಿರ ಬಂದು, ಊರಿಗೆ ಮರಳಲು ಬಸ್ಸಿನ ಹಣ ಸಿಕ್ಕೀತೇ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಆ ದಿನ ನಮ್ಮ ಪತ್ರಿಕೆಯಲ್ಲಿ ಜಾನಪದದ ರಕ್ಷಣೆಯನ್ನು ಕುರಿತು ಒಂದು ಲೇಖನವೂ ಅಚ್ಚಾಗಿತ್ತು. ಅಂದಿನ ನಾಚಿಕೆಯೇ ಇಂದಿನ ಈ ಬರಹಕ್ಕೆ ಕಾರಣ.

ಆದುದರಿಂದ ಮನೆಯಲ್ಲಿ ಹಾಡಿಸಬೇಕೆನ್ನುವ ಗೃಹಸ್ಥರಲ್ಲಿ ನಮ್ಮ ಬಿನ್ನಹಗಳು ಇವು. ಹಾಡುವವರಿಗೆ ಕೊಡುವ ಹಣವನ್ನು ಕರೆಯುವಾಗಲೇ ಮಾತಾಡಿ ಗೊತ್ತುಮಾಡಿರಿ. ಹೋಗಿ ಬರುವ ಖರ್ಚನ್ನು ಮುಂಗಡವಾಗಿ ಕಳಿಸಿರಿ. ಕೇಳಲು ಬಂದವರು ತಾವಾಗಿ ತಟ್ಟೆಗೆ ಹಾಕಿದ ಹಣವೆಲ್ಲ ಅವರದೇ ಆಗಲಿ. ಅವರು ಕೂಡುವ ಜಮಖಾನೆ ಕೇಳುವವರು ಕೂಡುವದಕ್ಕಿಂತ ಕೀಳಾಗದಿರಲಿ. ಹಾಡಿನ ಮೊದಲು ಒಂದೇ ಪಂಕ್ತಿಯಲ್ಲಿ ಜೋಳದ ರೊಟ್ಟಿಯ ಊಟವಾಗಲಿ; ಜಾತಿಯನ್ನು ಕೇಳುವ ಮನೆಯಲ್ಲಿ ತತ್ವಪದವನ್ನು ಹಾಡಿಸುವದು ತತ್ವಪದಕ್ಕೆ ಮಾಡುವ ಅಪಮಾನ. ಯಾವ ಪದವನ್ನು ಯಾವಾಗ ಹಾಡಬೇಕೆಂಬದು ಅವರಿಗೆ ಬಿಟ್ಟದ್ದು. ಸಿನೆಮಾದ ಹಾಡು ಬೇಡಬೇಡಿರಿ. ಮೊಬೈಲಿನಲ್ಲಿ ದನಿಯನ್ನೋ ಚಿತ್ರವನ್ನೋ ಹಿಡಿಯಬೇಕಾದರೆ ಮೊದಲು ಅವರ ಒಪ್ಪಿಗೆ ಕೇಳಿರಿ. ಭಾಷಣ ಬೇಡ. ನಮ್ಮ ಬೇಸಿಗೆ ಕಠಿಣವಾದದ್ದು. ಆ ತಿಂಗಳುಗಳಲ್ಲಿ ಬೆಳುದಿಂಗಳ ರಾತ್ರಿ ಮಾಳಿಗೆಯ ಮೇಲೆ ಕೂಡಿದರೆ ಪಡಸಾಲೆಗಿಂತಲೂ ಹಿತ. ಮನೆಯ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿರಿ. ದಮ್ಮಡಿಯ ಮೇಲೆ ಬೆರಳು ಆಡುವದನ್ನು ಹತ್ತಿರದಿಂದ ಕಂಡ ಮಗುವೇ ನಾಳೆ ದಮ್ಮಡಿಯನ್ನು ಕೈಗೆ ತೆಗೆದುಕೊಳ್ಳುವದು.

ಇದಕ್ಕೆ ಬೇಕಾದದ್ದು ಸಿರಿತನವಲ್ಲ. ಶಕ್ತಿನಗರದ ವಸತಿಗೃಹಗಳಲ್ಲಿರುವ ಅಧಿಕಾರಿಗಳೂ ನೌಕರರೂ, ರಾಯಚೂರಿನ ವಕೀಲರೂ ವರ್ತಕರೂ ಉಪಾಧ್ಯಾಯರೂ ವರ್ಷಕ್ಕೊಮ್ಮೆ ಸರದಿಯಂತೆ ತಮ್ಮ ಪಡಸಾಲೆಯನ್ನು ಒಂದು ರಾತ್ರಿ ಬಿಟ್ಟುಕೊಟ್ಟರೆ ಸಾಕು. ಒಂದು ಓಣಿಯಲ್ಲಿ ಹನ್ನೆರಡು ಮನೆಗಳು ಮನಸ್ಸು ಮಾಡಿದರೆ ತಿಂಗಳಿಗೊಂದು ಬೈಠಕವಾಯಿತು. ಸರಕಾರದ ಅನುದಾನಕ್ಕಾಗಿ ಕಾಯುವ ಕೆಲಸವಿದಲ್ಲ.

ದೇವಸುಗೂರಿನಲ್ಲಿ ಅಂದು ಹಾಡು ಮುಗಿದಾಗ ಸರಿರಾತ್ರಿಯಾಗಿತ್ತು. ಮುದುಕರು ಏಕತಾರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟರು. ಬರುವಾಗ ಹೊಸ್ತಿಲ ಬಳಿ ತಡೆದವರು ಹೋಗುವಾಗ ತಡೆಯಲಿಲ್ಲ. ನೆಂಟರ ಮನೆಯಿಂದ ಹೊರಡುವವರಂತೆ, “ಹೋಗಿ ಬರ್ತೀನವ್ವ” ಎಂದು ಆ ಹಿರಿಯಾಕೆಗೆ ಹೇಳಿ ದಾಟಿದರು. ನಮ್ಮ ಊರುಗಳ ಮನೆಮನೆಗಳಲ್ಲಿಯೂ ಆ ಮಾತು ಕೇಳಿಬರಲಿ ಎಂಬದೇ ನಮ್ಮ ಹಾರೈಕೆ.